ಸ್ಕಾಟ್ಲೆಂಡ್ ದ್ವೀಪಗಳಿಗೆ ಫೆರ್ರಿಯಲ್ಲಿ: ಅಪ್ಪ ಅಮ್ಮನ ಜೊತೆ ಒಂದು ವಾರದಲ್ಲಿ ಎಷ್ಟು ನೋಡಬಹುದು?

ಸಾಗರದ ಹುಡುಗ (ಲೀಡ್ಸ್)

ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಗೆ ಅಪ್ಪ ಅಮ್ಮ ಊರಿಂದ ಬರುತ್ತಿದ್ದಾರೆ. ಲಂಡನ್, ಲೇಕ್ ಡಿಸ್ಟ್ರಿಕ್ಟ್ ಎಲ್ಲ ಹೋದ ಸಲವೇ ಮುಗಿದಿದೆ. ಈ ಸಲ ಸ್ಕಾಟ್ಲೆಂಡಿನ ದ್ವೀಪಗಳನ್ನು ತೋರಿಸಬೇಕು ಅಂತ ಆಸೆ. ಕೈಯಲ್ಲಿರುವುದು ಒಂದು ವಾರ, ರಜೆ ಸಿಕ್ಕಿದರೆ ಸ್ವಲ್ಪ ಜಾಸ್ತಿ. ಕಾರು ನಮ್ಮದೇ.

ಮ್ಯಾಪ್ ಮುಂದಿಟ್ಟುಕೊಂಡು ಹಾಕಿದ ಪ್ಲ್ಯಾನ್ ಇದು. ಓಬನ್‌ನಿಂದ ಮಲ್ ದ್ವೀಪ, ಅಲ್ಲಿಂದ ಅಯೋನಾ, ಸ್ಟಾಫಾ. ವಾಪಸ್ ಬಂದು ಮ್ಯಾಲೇಗ್‌ನಿಂದ ಸ್ಕೈ. ಸ್ಕೈನ ಊಯಿಗ್‌ನಿಂದ ಹ್ಯಾರಿಸ್, ಲೂಯಿಸ್. ಸ್ಟೋರ್ನೋವೇಯಿಂದ ಅಲ್ಲಾಪೂಲ್. ಅಲ್ಲಿಂದ ಉತ್ತರದ ತುದಿಗೆ ಹೋಗಿ ಆರ್ಕ್ನಿ. ಆಮೇಲೆ ಮನೆ.

ಇದು ಆಗುವ ಮಾತಾ? ಮೊದಲೇ ಬುಕ್ ಮಾಡಬೇಕಾ, ಅಲ್ಲೇ ಹೋಗಿ ಹತ್ತಬಹುದಾ? ಅಪ್ಪನಿಗೆ ಮಂಡಿ ನೋವು. ಅಮ್ಮನಿಗೆ ಬಸ್ಸಿನಲ್ಲೇ ವಾಂತಿ. ಇಬ್ಬರೂ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಗೊತ್ತಿರುವವರು ಹೇಳಿ.

ಗ್ಲಾಸ್ಗೋ ಗಿರಿ

ಆಗುತ್ತದೆ. ಆಮೇಲೆ ಅವರು ಈ ಜನ್ಮದಲ್ಲಿ ನಿಮ್ಮ ಕಾರು ಹತ್ತುವುದಿಲ್ಲ, ಅಷ್ಟೆ.

ಬೈಕ್ ಬಸವ

ಪ್ಲ್ಯಾನ್ ಸೂಪರ್ ಗುರು. ಸ್ಕೈಗೆ ಫೆರ್ರಿ ಬಿಟ್ಟರೆ ಬೇರೆ ದಾರಿಯೇ ಇಲ್ಲ, ಹಾಗಾಗಿ ಅದನ್ನು ಮಾತ್ರ ಈಗಲೇ ಬುಕ್ ಮಾಡಿ.

ಹಳೇ ಮೇಷ್ಟ್ರು

ಬಸವ ಅವರೇ, ಸ್ಕೈಗೆ 1995ರಿಂದ ಸೇತುವೆ ಇದೆ. ಕೈಲ್ ಆಫ್ ಲೋಹಾಲ್ಶ್ ಹತ್ತಿರ. ಮೊದಲು ಟೋಲ್ ಇತ್ತು. ಊರವರು ವರ್ಷಗಟ್ಟಲೆ ಜಗಳವಾಡಿದರು. ಟೋಲ್ ಕಟ್ಟದೆ ಕೋರ್ಟಿಗೆ ಅಲೆದವರೂ ಇದ್ದಾರೆ. ಕೊನೆಗೆ 2004ರ ಡಿಸೆಂಬರ್‌ನಲ್ಲಿ ಟೋಲ್ ತೆಗೆದರು. ಮ್ಯಾಲೇಗ್‌ನಿಂದ ಆರ್ಮಡೇಲ್‌ಗೆ ಹೋಗುವ ಫೆರ್ರಿ ಚಂದದ ದಾರಿ. ಆದರೆ ಅದಿಲ್ಲದಿದ್ದರೂ ಸ್ಕೈ ತಪ್ಪುವುದಿಲ್ಲ.

ಲೆಕ್ಕಪತ್ರ

ಸಾಗರದವರೇ, ಸಮಯದ ಲೆಕ್ಕ ಒಮ್ಮೆ ನೋಡಿ. ಓಬನ್‌ನಿಂದ ಮಲ್‌ನ ಕ್ರೇಗ್ನ್ಯೂರ್‌ಗೆ 50 ನಿಮಿಷ. ಊಯಿಗ್‌ನಿಂದ ಹ್ಯಾರಿಸ್‌ನ ಟಾರ್ಬರ್ಟ್‌ಗೆ ಸುಮಾರು ಒಂದೂಮುಕ್ಕಾಲು ಗಂಟೆ. ಸ್ಟೋರ್ನೋವೇಯಿಂದ ಅಲ್ಲಾಪೂಲ್‌ಗೆ ಎರಡೂಮುಕ್ಕಾಲು. ಸ್ಕ್ರಾಬ್‌ಸ್ಟರ್‌ನಿಂದ ಆರ್ಕ್ನಿಯ ಸ್ಟ್ರಾಮ್ನೆಸ್‌ಗೆ ಒಂದೂವರೆ. ಎಲ್ಲ ಕೂಡಿದರೂ ಜಾಸ್ತಿ ಏನಲ್ಲ ಅನ್ನಿಸುತ್ತದೆ. ಕಷ್ಟ ಇರುವುದು ನೀರಿನ ಮೇಲಲ್ಲ, ನೆಲದ ಮೇಲೆ. ಪ್ರತಿ ಹಡಗಿಗೂ ಕಾರು ಅರ್ಧ ಮುಕ್ಕಾಲು ಗಂಟೆ ಮೊದಲೇ ಸಾಲಿನಲ್ಲಿರಬೇಕು. ಮಲ್‌ನಲ್ಲಿ ಕ್ರೇಗ್ನ್ಯೂರ್‌ನಿಂದ ಅಯೋನಾ ದೋಣಿ ಹೊರಡುವ ಫಿನ್‌ಫರ್ಟ್‌ಗೆ 37 ಮೈಲಿ, ಹೆಚ್ಚಿನಂಶ ಒಂದೇ ಲೇನ್. ಎದುರಿಗೆ ಕ್ಯಾಂಪರ್‌ವ್ಯಾನ್ ಬಂದರೆ ಒಬ್ಬರು ಹಿಂದೆ ಹೋಗಬೇಕು. ಕುರಿ ಮಲಗಿದ್ದರೆ ಇಬ್ಬರೂ ಕಾಯಬೇಕು.

ಸಾಗರದ ಹುಡುಗ

ಕುರಿ ಬಗ್ಗೆ ನಮಗೆ ಹೇಳಬೇಕಾ, ನಮ್ಮೂರಲ್ಲಿ ಎಮ್ಮೆ ಮಲಗಿರುತ್ತವೆ. ಹಾಗಾದರೆ ಏನನ್ನು ಬಿಡಲಿ?

ಗ್ಲಾಸ್ಗೋ ಗಿರಿ

ಆರ್ಕ್ನಿ ಬಿಡಿ. ಸ್ಕೈ ಕೂಡ ಬಿಡಿ ಅಂದರೆ ಹೊಡೆಯಲು ಬರ್ತೀರ ಅಂತ ಗೊತ್ತು. ಆದರೂ ಹೇಳ್ತೀನಿ, ಬಿಡಿ. ಜುಲೈನಲ್ಲಿ ಸ್ಕೈ ಅಂದರೆ ಕಾರ್ ಪಾರ್ಕಿಂಗ್ ದರ್ಶನ.

ಅಬರ್ಡೀನ್ ಎಣ್ಣೆಗಾಣ

ಆರ್ಕ್ನಿ ಬಿಡಬೇಡಿ! ಉಳಿದದ್ದೆಲ್ಲ ಬಿಡಿ. ನಾನು ಕೆಲಸಕ್ಕೆ ಅಂತ ಇಲ್ಲಿಗೆ ಬಂದವನು, ಈಗ ಉತ್ತರದ ದ್ವೀಪಗಳ ಹುಚ್ಚು ಹಿಡಿದಿದೆ. ಐದು ಸಾವಿರ ವರ್ಷದ ಹಿಂದಿನ ಕಲ್ಲಿನ ಮನೆಗಳು ಸ್ಕಾರಾ ಬ್ರೇಯಲ್ಲಿ ಇವತ್ತಿಗೂ ಇವೆ. ಕಲ್ಲಿನ ಮಂಚ, ಕಲ್ಲಿನ ಕಪಾಟು, ಎಲ್ಲ ಹಾಗೇ. ಸ್ಕ್ರಾಬ್‌ಸ್ಟರ್‌ನಿಂದ ಹೋಗುವ ಹಡಗು ಓಲ್ಡ್ ಮ್ಯಾನ್ ಆಫ್ ಹಾಯ್ ಅನ್ನುವ ಬಂಡೆಯ ಪಕ್ಕದಲ್ಲೇ ಹಾಯುತ್ತದೆ. 137 ಮೀಟರ್ ಎತ್ತರ, ಸಮುದ್ರದಲ್ಲಿ ಒಂಟಿಯಾಗಿ ನಿಂತಿದೆ. ಅದನ್ನು ನೋಡಲು ಡೆಕ್ಕಿನ ಮೇಲೆ ಎಲ್ಲರೂ ಒಂದೇ ಕಡೆಗೆ ಬರುತ್ತಾರೆ.

ಮತ್ತೆ ಈ ಹಡಗು ಸರ್ಕಾರಿ ಫೆರ್ರಿ ಕಂಪನಿ ಕಾಲ್‌ಮ್ಯಾಕ್‌ನದ್ದಲ್ಲ, ನಾರ್ತ್‌ಲಿಂಕ್ ಅನ್ನುವ ಬೇರೆ ಕಂಪನಿಯದ್ದು. ಒಂದೇ ವೆಬ್‌ಸೈಟಿನಲ್ಲಿ ಎಲ್ಲ ಸಿಗುತ್ತದೆ ಅಂದುಕೊಂಡು ಹುಡುಕಿ ಸುಸ್ತಾಗಬೇಡಿ. ಪಶ್ಚಿಮದ ದ್ವೀಪಗಳು, ಕ್ಲೈಡ್ ಕಡೆಯವು ಕಾಲ್‌ಮ್ಯಾಕ್. ಉತ್ತರದ ಆರ್ಕ್ನಿ, ಶೆಟ್‌ಲ್ಯಾಂಡ್ ನಾರ್ತ್‌ಲಿಂಕ್. ಗಿಲ್ಸ್ ಬೇಯಿಂದ ಆರ್ಕ್ನಿಗೆ ಪೆಂಟ್‌ಲ್ಯಾಂಡ್ ಫೆರ್ರೀಸ್ ಅಂತ ಖಾಸಗಿಯವರದ್ದು ಇನ್ನೊಂದಿದೆ, ಸುಮಾರು ಒಂದು ಗಂಟೆಯ ದಾರಿ.

ಕುಂದಾಪ್ರದ ಕುಚ್ಲಕ್ಕಿ

ಅಮ್ಮನಿಗೆ ಬಸ್ಸಲ್ಲೇ ವಾಂತಿ ಅಂದಿದ್ದಾರೆ, ಇವರು ಪೆಂಟ್‌ಲ್ಯಾಂಡ್ ಫರ್ತ್‌ಗೆ ಕಳಿಸುತ್ತಿದ್ದಾರೆ. ಅಟ್ಲಾಂಟಿಕ್ ಸಮುದ್ರವೂ ಉತ್ತರ ಸಮುದ್ರವೂ ಅಲ್ಲೇ ತಳ್ಳಾಡುವುದು. ಉಬ್ಬರದ ಸೆಳೆತ ಹೇಗಿರುತ್ತದೆ ಅಂದರೆ ಕಡಲ ಮಕ್ಕಳಾದ ನಮಗೇ ಹೊಟ್ಟೆ ಬಾಯಿಗೆ ಬರುತ್ತದೆ.

ಅಬರ್ಡೀನ್ ಎಣ್ಣೆಗಾಣ

ಜುಲೈನಲ್ಲಿ ಎಷ್ಟೋ ದಿನ ಕೆರೆ ಥರ ಇರುತ್ತದೆ ಮಾರಾಯ್ರೆ. ಹೆದರಿಸಬೇಡಿ.

ಡಾಕ್ಟರಮ್ಮ

ವಾಂತಿ ವಿಷಯ ನಾನು ಹೇಳುತ್ತೇನೆ, ಅದು ನನ್ನ ಕಸುಬು. ಮಾತ್ರೆಯನ್ನು ಹಡಗು ಅಲ್ಲಾಡಲು ಶುರುವಾದ ಮೇಲೆ ತಗೊಂಡರೆ ಪ್ರಯೋಜನ ಇಲ್ಲ. ಹೊರಡುವ ಒಂದೆರಡು ಗಂಟೆ ಮೊದಲೇ ತಗೊಳ್ಳಬೇಕು. ಅಮ್ಮನಿಗೆ ಬಿಪಿ, ಗ್ಲಾಕೋಮಾ ಇದ್ದರೆ, ಬೇರೆ ಮಾತ್ರೆ ನಡೆಯುತ್ತಿದ್ದರೆ, ಫಾರ್ಮಸಿಯಲ್ಲಿ ಕೇಳಿಯೇ ತಗೊಳ್ಳಿ. ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗಿನ ಡೆಕ್ಕಿನಲ್ಲಿ ಕೂರಿಸಿ. ಮೂತಿಯ ಕಡೆ ದೊಡ್ಡ ಗಾಜಿನ ಕಿಟಕಿ ಇರುತ್ತದೆ, ನೋಟ ಚೆನ್ನಾಗಿದೆ ಅಂತ ಎಲ್ಲರೂ ಅಲ್ಲಿಗೇ ಓಡುತ್ತಾರೆ. ಜಾಸ್ತಿ ಮೇಲೆ ಕೆಳಗೆ ಆಗುವುದೂ ಅಲ್ಲೇ. ಫೋನ್ ನೋಡಲು ಬಿಡಬೇಡಿ. ಹೊರಗೆ ಗಾಳಿಗೆ ನಿಂತು ದಿಗಂತ ನೋಡಿದರೆ ಅರ್ಧ ವಾಸಿ.

ಇನ್ನು ನನ್ನ ಸ್ವಂತ ಮಾತು. ನಾನು ಈ ದ್ವೀಪಗಳಲ್ಲಿ ಒಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಯಾವುದು ಅಂತ ಬೇಡ, ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ಬೇಸಿಗೆ ಬಂತೆಂದರೆ ನಮ್ಮ ರೋಗಿಗಳಿಗೆ ಕಾರಿನ ಜಾಗ ಸಿಗುವುದಿಲ್ಲ. ಗ್ಲಾಸ್ಗೋದಲ್ಲಿ ಸ್ಕ್ಯಾನ್ ಇರುತ್ತದೆ. ಪತ್ರ ಬರುವುದು ಎರಡು ಮೂರು ವಾರ ಮೊದಲು. ಅಷ್ಟರಲ್ಲಿ ಡೆಕ್ಕನ್ನು ಪ್ರವಾಸಿಗರು ತಿಂಗಳುಗಟ್ಟಲೆ ಮೊದಲೇ ತುಂಬಿಸಿರುತ್ತಾರೆ. ವಯಸ್ಸಾದವರು, ಕಾಲು ಸರಿಯಿಲ್ಲದವರು ಕಾರು ಬಿಟ್ಟು ಬಸ್ಸು ರೈಲು ಹಿಡಿದು ಹೋಗಿ ಬರಬೇಕು. ಚಳಿಗಾಲದ ಬಿರುಗಾಳಿಗೆ ನಾಲ್ಕು ದಿನ ಹಡಗು ಬಾರದಿದ್ದರೆ ಅಂಗಡಿಯಲ್ಲಿ ಹಾಲು, ಬ್ರೆಡ್ ಇಟ್ಟಿರುವ ಕಪಾಟು ಖಾಲಿ. ಟೇಪು ಹಚ್ಚಿದ ಒಂದು ಚೀಟಿ ಅಷ್ಟೆ: ಮುಂದಿನ ಬೋಟಿಗೆ.

ಪ್ರವಾಸಿಗರು ಬರಬೇಡಿ ಅಂತ ಹೇಳುತ್ತಿಲ್ಲ. ಬಂದರೆ ಒಂದೇ ದ್ವೀಪದಲ್ಲಿ ಉಳಿದುಕೊಳ್ಳಿ. ಅಲ್ಲೇ ಊಟ ಮಾಡಿ, ಅಲ್ಲೇ ದುಡ್ಡು ಖರ್ಚು ಮಾಡಿ. ದಿನಕ್ಕೊಂದು ದ್ವೀಪ ಅಂತ ಹಾರಿದರೆ ನೀವು ನೋಡುವುದು ಹಡಗುಗಳ ಕಾರ್ ಡೆಕ್ ಮಾತ್ರ. ಪ್ರತಿ ಹಾರಾಟಕ್ಕೂ ಇಲ್ಲಿಯ ಯಾರದೋ ಒಂದು ಜಾಗ ಹೋಗುತ್ತದೆ.

ಬೈಕ್ ಬಸವ

ಡಾಕ್ಟ್ರೇ, ಟೂರಿಸ್ಟ್ ಇಲ್ಲದಿದ್ದರೆ ಆ ದ್ವೀಪಗಳ ಹೋಟೆಲು, ಅಂಗಡಿ ನಡೆಯುವುದು ಹೇಗೆ? ದುಡ್ಡು ಬೇಕು, ಜನ ಬೇಡ ಅಂದರೆ ಹೇಗೆ?

ಡಾಕ್ಟರಮ್ಮ

ಜನ ಬೇಡ ಅಂದೆನಾ? ಏಳು ಮೀಟರ್ ವ್ಯಾನ್ ಬೇಡ ಅಂದೆ. ಅದೂ ಬರುವಾಗಲೇ ಸೂಪರ್‌ಮಾರ್ಕೆಟ್ಟಿನಿಂದ ಒಂದು ವಾರದ ಸಾಮಾನು ತುಂಬಿಕೊಂಡು, ಇಲ್ಲಿ ಒಂದು ಕಾಫಿಯನ್ನೂ ಕುಡಿಯದೆ ಹೋಗುವ ವ್ಯಾನ್.

ಲೆಕ್ಕಪತ್ರ

ಇದಕ್ಕೊಂದು ಹಿನ್ನೆಲೆ ಇದೆ. 2008ರಲ್ಲಿ ಪಶ್ಚಿಮದ ಹೊರದ್ವೀಪಗಳಿಗೆ, ಕಾಲ್, ಟೈರೀ ದ್ವೀಪಗಳಿಗೆ ಹೊಸ ದರ ತಂದರು. ಅಷ್ಟೇ ದೂರ ರಸ್ತೆಯಲ್ಲಿ ಹೋಗಿದ್ದರೆ ಎಷ್ಟು ಖರ್ಚಾಗುತ್ತಿತ್ತೋ ಆ ಲೆಕ್ಕದಲ್ಲೇ ಫೆರ್ರಿ ಟಿಕೆಟ್. 2015ರ ಹೊತ್ತಿಗೆ ಕಾಲ್‌ಮ್ಯಾಕ್‌ನ ಉಳಿದ ದಾರಿಗಳಿಗೂ ಬಂತು. ಕಾರಿನ ದರ ಧಡಕ್ಕನೆ ಇಳಿಯಿತು. ದ್ವೀಪದವರಿಗೆ ಅನುಕೂಲ ಆಗಲಿ ಅಂತ ಮಾಡಿದ್ದು. ಆದರೆ ಅದೇ ದರ ಪ್ರವಾಸಿಗೂ ಸಿಕ್ಕಿತು. ಕಾರುಗಳು ಜಾಸ್ತಿಯಾದವು, ಹಡಗುಗಳು ಆಗಲಿಲ್ಲ. ನನ್ನ ಪ್ರಕಾರ ದ್ವೀಪದವರಿಗೊಂದು ದರ, ನಮಗೊಂದು ದರ ಇರಬೇಕಿತ್ತು. ಆರ್ಕ್ನಿ, ಶೆಟ್‌ಲ್ಯಾಂಡಿನ ಹಡಗುಗಳಲ್ಲಿ ಅಲ್ಲಿಯವರಿಗೆ ರಿಯಾಯಿತಿ ಬೇರೆಯೇ ಇದೆ.

ಹಳೇ ಮೇಷ್ಟ್ರು

ಹಡಗುಗಳು ಯಾಕೆ ಆಗಲಿಲ್ಲ ಅನ್ನುವುದು ದೊಡ್ಡ ಪುರಾಣ. 2015ರಲ್ಲಿ ಎರಡು ಹಡಗು ಕಟ್ಟಲು ಪೋರ್ಟ್ ಗ್ಲಾಸ್ಗೋದ ಫರ್ಗ್ಯುಸನ್ ಹಡಗುಕಟ್ಟೆಗೆ ಕೊಟ್ಟರು. 97 ಮಿಲಿಯನ್ ಪೌಂಡ್, 2018ಕ್ಕೆ ರೆಡಿ ಅಂತ ಮಾತು. 2017ರ ನವೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಆಗಿನ ಫಸ್ಟ್ ಮಿನಿಸ್ಟರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ನಿಕೋಲಾ ಸ್ಟರ್ಜನ್ ಬಂದು ಗ್ಲೆನ್ ಸ್ಯಾನಕ್ಸ್ ಹಡಗನ್ನು ನೀರಿಗಿಳಿಸಿದರು. ಆವತ್ತು ಹಡಗಿನ ಮುಂಭಾಗಕ್ಕೆ ಕಿಟಕಿಯೇ ಇರಲಿಲ್ಲ. ಕಿಟಕಿಯಂತೆ ಕಾಣಲು ಕಪ್ಪು ಬಣ್ಣ ಬಳಿದಿದ್ದರು! ಆಮೇಲೆ ಹಡಗುಕಟ್ಟೆ ದಿವಾಳಿ, 2019ರಲ್ಲಿ ಸರ್ಕಾರವೇ ವಹಿಸಿಕೊಂಡಿತು. ಡೀಸೆಲ್ಲಿನಲ್ಲೂ ಓಡಬೇಕು, ದ್ರವ ಅನಿಲದಲ್ಲೂ ಓಡಬೇಕು ಅನ್ನುವ ವಿನ್ಯಾಸವೇ ದೊಡ್ಡ ತಲೆನೋವಾಯಿತು. ಖರ್ಚು ನಾಲ್ಕು ಪಟ್ಟಿಗೂ ಮೀರಿತು. ಕೊನೆಗೂ ಹಡಗು ಅರಾನ್ ದ್ವೀಪಕ್ಕೆ ಜನರನ್ನು ಹೊತ್ತದ್ದು 2025ರ ಜನವರಿಯಲ್ಲಿ.

ತಿಂಡಿಪೋತ

ಬಣ್ಣ ಬಳಿದ ಕಿಟಕಿ 😂😂 ಉದ್ಘಾಟನೆ ಅಂದರೆ ಎಲ್ಲಾ ಕಡೆ ಒಂದೇ ಕಥೆ.

ಗ್ಲಾಸ್ಗೋ ಗಿರಿ

ಮೇಷ್ಟ್ರು ಒಂದು ಮುಖ್ಯ ವಿಷಯ ಬಿಟ್ಟರು. ಇಷ್ಟೆಲ್ಲ ಮಾಡಿ ಬಂದ ಹಡಗು ಅರಾನ್‌ನ ಹಳೇ ಬಂದರು ಆರ್ಡ್ರಾಸನ್‌ಗೆ ಹಿಡಿಸುವುದೇ ಇಲ್ಲ. ಅದಕ್ಕೇ ಟ್ರೂನ್‌ನಿಂದ ಹೊರಡುತ್ತದೆ. ಅರಾನ್‌ಗೆ ಹೋಗುವವರು ಯಾವ ಬಂದರು ಅಂತ ಟಿಕೆಟ್‌ನಲ್ಲಿ ಎರಡು ಸಲ ಓದಿಕೊಳ್ಳಿ. ಮುಂದಿನ ನಾಲ್ಕು ಹಡಗುಗಳ ಕೆಲಸವನ್ನು ಟರ್ಕಿಗೆ ಕೊಟ್ಟರು. ಹಡಗು ಕಟ್ಟುವುದಕ್ಕೇ ಹೆಸರಾದ ಕ್ಲೈಡ್ ನದಿ ದಂಡೆಯವರಿಗೆ ಅದು ಎಷ್ಟು ಉರಿಯಿತು ಅಂತ ಇಲ್ಲಿಯ ಪಬ್ಬಿನಲ್ಲಿ ಕೇಳಿ ನೋಡಿ.

ಬೈಕ್ ಬಸವ

ಅದಕ್ಕೇ ಹೇಳೋದು, ಸರ್ಕಾರದ ಕೈಗೆ ಕೊಟ್ಟರೆ ಇಷ್ಟೇ. ಖಾಸಗಿಗೆ ಬಿಡಬೇಕು. ಡನೂನ್‌ಗೆ ಹೋಗುವ ವೆಸ್ಟರ್ನ್ ಫೆರ್ರೀಸ್ ನೋಡಿ. ಬಸ್ಸಿನ ಥರ ಬರ್ತಾನೇ ಇರುತ್ತದೆ, 20 ನಿಮಿಷದಲ್ಲಿ ಆ ಕಡೆ. ಬುಕಿಂಗ್ ರಗಳೆಯೇ ಇಲ್ಲ.

ಡಾಕ್ಟರಮ್ಮ

ಡನೂನ್‌ಗೆ ಜನ ಇದ್ದಾರೆ, ಲಾಭ ಇದೆ, ಓಡಿಸುತ್ತಾರೆ. ನೂರು ಜನ ಇರುವ ಐಗ್ ದ್ವೀಪಕ್ಕೆ ಯಾವ ಖಾಸಗಿಯವರು ಫೆಬ್ರವರಿಯಲ್ಲಿ ಹಡಗು ಬಿಡುತ್ತಾರೆ ಹೇಳಿ? ಆದರೆ ಸರ್ಕಾರದ್ದು ಅಂದಮಾತ್ರಕ್ಕೆ ಕೈಮುಗಿಯಬೇಕು ಅಂತಲೂ ಇಲ್ಲ. 2023ರ ಜೂನ್‌ನಲ್ಲಿ ಹಡಗುಗಳು ಕೆಟ್ಟು, ಸೌತ್ ಯೂಯಿಸ್ಟ್‌ನ ಲಾಕ್‌ಬಾಯ್ಸ್‌ಡೇಲ್‌ಗೆ ಹೆಚ್ಚೂಕಡಿಮೆ ತಿಂಗಳಿಡೀ ಫೆರ್ರಿ ನಿಲ್ಲಿಸಿದರು. ಸುಮಾರು 500 ಜನ ಬಂದರಿನಲ್ಲಿ ಸೇರಿ ಪ್ರತಿಭಟನೆ ಮಾಡಿದರು. ಆ ದ್ವೀಪದಲ್ಲಿ ಇರುವವರೇ ಎರಡು ಸಾವಿರಕ್ಕಿಂತ ಕಡಿಮೆ. ಆಮೇಲೆ ಕೆಲವು ದಾರಿಗಳಲ್ಲಿ ಒಂದಷ್ಟು ಜಾಗವನ್ನು ಕೊನೆ ಗಳಿಗೆವರೆಗೂ ದ್ವೀಪದವರಿಗೆ ಮೀಸಲಿಡುವ ಪ್ರಯೋಗ ಶುರುವಾಯಿತು. ಅದು ಎಲ್ಲ ಕಡೆ ಬರಬೇಕು.

ಸಾಗರದ ಹುಡುಗ

ಡಾಕ್ಟ್ರು ಹೇಳಿದ್ದು ನಾಟಿತು. ನಮ್ಮೂರಿನ ಕಥೆಯೂ ಇದೇ ಅಲ್ವಾ? ಲಿಂಗನಮಕ್ಕಿ ಹಿನ್ನೀರು ಬಂದ ಮೇಲೆ ಸುಮಾರು 60 ವರ್ಷ ತುಮರಿ, ಕರೂರು ಕಡೆಯವರು ಲಾಂಚ್ ನಂಬಿಕೊಂಡೇ ಬದುಕಿದ್ದು. ಸಿಗಂದೂರಿಗೆ ಹೋಗುವ ಭಕ್ತರ ಕಾರುಗಳು ದಡದಲ್ಲಿ ಸಾಲುಗಟ್ಟಿ ನಿಂತಿರುತ್ತಿದ್ದವು. ಪೇಟೆಗೆ ಬಂದ ಊರವರು ಅದೇ ಸಾಲಿನ ಹಿಂದೆ. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಎಷ್ಟೋ ಕಿಲೋಮೀಟರ್ ಸುತ್ತು. ಹೆರಿಗೆ ನೋವು, ಹಾವು ಕಚ್ಚಿದ್ದು, ಏನೇನೋ ಕೇಳಿದ್ದೇವೆ. 2025ರ ಜುಲೈನಲ್ಲಿ ಸೇತುವೆ ಆಯಿತು.

ಹಳೇ ಮೇಷ್ಟ್ರು

ಸೇತುವೆ ಆದ ಮೇಲೆ ಊರು ಹೇಗಿದೆ?

ಸಾಗರದ ಹುಡುಗ

ಅಪ್ಪನನ್ನು ಕೇಳಿದರೆ "ಆರಾಮಾಯ್ತು" ಅನ್ನುತ್ತಾರೆ. ಅಮ್ಮ ಮಾತ್ರ ವಾಹನ ಜಾಸ್ತಿಯಾಯಿತು ಅನ್ನುತ್ತಾಳೆ. ಲಾಂಚ್ ಚಂದ ಇತ್ತು ಅನ್ನುವವರೆಲ್ಲ ಬೆಂಗಳೂರಿನವರು.

ಗ್ಲಾಸ್ಗೋ ಗಿರಿ

ಆ ಕೊನೇ ಸಾಲಿಗೆ ನೂರು ಲೈಕ್. ಸ್ಕೈ ಸೇತುವೆಗೂ ಅದೇ ಮಾತು ಹೊಂದುತ್ತದೆ.

ತಿಂಡಿಪೋತ

ರಾಜಕೀಯ ಸಾಕು, ಊಟಕ್ಕೆ ಬರೋಣ. ಮೊಟ್ಟೆ ತಿನ್ನದವರಿಗೆ ಹಡಗಿನಲ್ಲಿ ಏನು ಸಿಗುತ್ತದೆ? ದೊಡ್ಡ ಹಡಗುಗಳಲ್ಲಿ ಕ್ಯಾಂಟೀನ್ ಚೆನ್ನಾಗಿಯೇ ಇದೆ. ಮ್ಯಾಕರೋನಿ ಚೀಸ್, ಚಿಪ್ಸ್, ಬೇಯಿಸಿದ ಆಲೂಗಡ್ಡೆ, ಬೀನ್ಸ್, ಓಟ್ ಬಿಸ್ಕತ್ತು. ಸ್ಕೋನ್‌ನಲ್ಲಿ ಮೊಟ್ಟೆ ಇರಬಹುದು, ಕೇಳಿ. ಮಿಕ್ಕವರೆಲ್ಲ ಬೆಳಗ್ಗೆ ಹೊತ್ತು ತಟ್ಟೆ ತುಂಬಾ ಹಂದಿಮಾಂಸ, ಬ್ಲ್ಯಾಕ್ ಪುಡಿಂಗ್ (ರಕ್ತದ ಸಾಸೇಜ್) ಇಟ್ಟುಕೊಂಡು ಕೂತಿರುತ್ತಾರೆ. ಅಮ್ಮನನ್ನು ಆ ಕಡೆ ಬೆನ್ನು ಮಾಡಿ ಕೂರಿಸಿ.

ಲೆಕ್ಕಪತ್ರ

ಚೀಸ್‌ಗೆ ಹಾಲು ಹೆಪ್ಪುಗಟ್ಟಲು ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿರುತ್ತಾರೆ, ಅದು ಸಸ್ಯಾಹಾರ ಅಲ್ಲ.

ತಿಂಡಿಪೋತ

ಎಲ್ಲ ಚೀಸಿಗೂ ಅಲ್ಲ ಸ್ವಾಮಿ. ಇಲ್ಲಿಯ ಚೆಡ್ಡರ್‌ಗೆ ಈಗ ಜಾಸ್ತಿ ಬಳಸುವುದು ಸಸ್ಯಾಹಾರಿ ರೆನೆಟ್. ಪ್ಯಾಕೆಟ್ ಮೇಲೆ ಇರುತ್ತದೆ.

ಲೆಕ್ಕಪತ್ರ

ಹಡಗಿನ ತಟ್ಟೆ ಮೇಲೆ ಪ್ಯಾಕೆಟ್ ಇರುತ್ತದಾ?

ಕುಂದಾಪ್ರದ ಕುಚ್ಲಕ್ಕಿ

ಇಬ್ಬರೂ ಸುಮ್ನಿರಿ. ಪುಳಿಯೋಗರೆ ಕಟ್ಟಿಕೊಂಡು ಹೋಗಿ. ಎರಡು ದಿನ ಕೆಡುವುದಿಲ್ಲ. ಮೊಸರು ಮಾತ್ರ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಒಂದು ಎಚ್ಚರಿಕೆ: ತಿಂಡಿ ಡಬ್ಬಿ, ಸ್ವೆಟರ್, ಮಾತ್ರೆ, ಎಲ್ಲವನ್ನೂ ಕಾರಿಂದ ಇಳಿಯುವಾಗಲೇ ತಗೊಳ್ಳಿ. ದೊಡ್ಡ ಹಡಗು ಹೊರಟ ಮೇಲೆ ಕಾರ್ ಡೆಕ್ಕಿಗೆ ಬಾಗಿಲು ಹಾಕುತ್ತಾರೆ. ಡಬ್ಬಿ ಕೆಳಗೆ ಕಾರಿನಲ್ಲಿ, ಹಸಿವು ಮೇಲೆ ಕ್ಯಾಂಟೀನಿನಲ್ಲಿ. ಕಾರಿನ ಅಲಾರಂ ಕೂಡ ಆಫ್ ಮಾಡಿ, ಇಲ್ಲದಿದ್ದರೆ ಹಡಗು ವಾಲಿದಾಗೆಲ್ಲ ಅರಚುತ್ತದೆ.

ಡಾಕ್ಟರಮ್ಮ

ಮಂಡಿ ನೋವಿನವರಿಗೆ ಇನ್ನೊಂದು ಮಾತು. ಕಾರ್ ಡೆಕ್ಕಿನಿಂದ ಮೇಲಕ್ಕೆ ಮೆಟ್ಟಿಲು ಕಡಿದಾಗಿರುತ್ತವೆ. ದೊಡ್ಡ ಹಡಗುಗಳಲ್ಲಿ ಲಿಫ್ಟ್ ಇದೆ. ಬುಕ್ ಮಾಡುವಾಗಲೂ, ಬಂದರಿನಲ್ಲಿ ಚೆಕ್ ಇನ್ ಮಾಡುವಾಗಲೂ ಹೇಳಿದರೆ ಕಾರನ್ನು ಲಿಫ್ಟ್ ಪಕ್ಕ ನಿಲ್ಲಿಸಲು ವ್ಯವಸ್ಥೆ ಮಾಡುತ್ತಾರೆ. ಒಳಗೆ ಹೋದ ಮೇಲೆ ಹೇಳಿದರೆ ಆಗುವುದಿಲ್ಲ. ಹಳದಿ ಜಾಕೆಟ್ಟಿನವರು ಒಂದು ಬೆರಳು ಮಡಚುತ್ತಾ ಮುಂದೆ ಮುಂದೆ ಅಂತ ಕರೆದು, ಮುಂದಿನ ಕಾರಿಗೆ ಒಂದು ಗೇಣು ಇದ್ದಾಗ ಅಂಗೈ ತೋರಿಸುತ್ತಾರೆ. ಆಗ ಪಕ್ಕದ ಬಾಗಿಲು ಪೂರ್ತಿ ತೆಗೆಯಲೂ ಜಾಗ ಇರುವುದಿಲ್ಲ.

ಉಡುಪಿಯ ಮೀನು

ಸ್ಟಾಫಾ ಬಗ್ಗೆ ಯಾರೂ ಮಾತಾಡಲಿಲ್ಲ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಿದವರು ಸ್ಟಾಫಾವನ್ನು ನೋಡಲೇಬೇಕು. ಎರಡೂ ಕಡೆ ಲಾವಾ ತಣ್ಣಗಾಗುವಾಗ ಸೀಳಿ ಆದ ಕಂಬಗಳು. ನಮ್ಮದು ಸುಮಾರು 8.8 ಕೋಟಿ ವರ್ಷ ಹಳೆಯದು, ಮಡಗಾಸ್ಕರ್ ಭಾರತದಿಂದ ಬೇರೆಯಾದ ಕಾಲದ್ದು. ಸ್ಟಾಫಾ ಅದಕ್ಕಿಂತ ಚಿಕ್ಕದು, ಸುಮಾರು 6 ಕೋಟಿ ವರ್ಷ, ಅಟ್ಲಾಂಟಿಕ್ ತೆರೆದುಕೊಳ್ಳುತ್ತಿದ್ದಾಗಿನದು. ಅಲ್ಲಿಯ ಫಿಂಗಲ್ ಗುಹೆಯೊಳಗೆ ಅಲೆ ನುಗ್ಗಿದಾಗ ಬರುವ ಸದ್ದು ಎದೆಗೇ ಬಂದು ಬಡಿಯುತ್ತದೆ.

ಆದರೆ ಇದು ಫೆರ್ರಿ ಅಲ್ಲ, ಪ್ರವಾಸಿ ದೋಣಿ. ಫಿನ್‌ಫರ್ಟ್, ಅಯೋನಾ, ಟೋಬರ್ಮೋರಿಯಿಂದ ಸಿಗುತ್ತದೆ. ಅಲೆ ಜೋರಿದ್ದರೆ ದ್ವೀಪಕ್ಕೆ ಇಳಿಸುವುದಿಲ್ಲ, ಸುತ್ತು ಹಾಕಿಸಿ ಕರೆತರುತ್ತಾರೆ. ಇಳಿದರೂ ಕಂಬಗಳ ತಲೆ ಮೇಲೆ ಕಾಲಿಡುತ್ತಾ ಹೋಗಬೇಕು. ಅಪ್ಪನ ಮಂಡಿ ನೋಡಿಕೊಳ್ಳಿ.

ಸಾಗರದ ಹುಡುಗ

ಅಯೋನಾಗೆ ಕಾರು ತಗೊಂಡು ಹೋಗಬಹುದಾ?

ಗ್ಲಾಸ್ಗೋ ಗಿರಿ

ಇಲ್ಲ. ಪರ್ಮಿಟ್ ಇಲ್ಲದ ಕಾರಿಗೆ ಪ್ರವೇಶ ಇಲ್ಲ. ಫಿನ್‌ಫರ್ಟ್‌ನಲ್ಲಿ ನಿಲ್ಲಿಸಿ, ಹತ್ತು ನಿಮಿಷದ ಹಡಗು. ದಡದಿಂದ ಮಠಕ್ಕೆ ನಿಧಾನ ನಡೆದರೂ ಕಾಲು ಗಂಟೆ. ಸಂತ ಕೊಲಂಬ ಐರ್ಲೆಂಡಿನಿಂದ 563ರಲ್ಲಿ ಬಂದು ಮಠ ಕಟ್ಟಿದ ಜಾಗ ಅದು. ಮಧ್ಯಾಹ್ನ ಟೂರ್ ಬಸ್ಸಿನವರು ತುಂಬಿರುತ್ತಾರೆ. ಒಂದು ರಾತ್ರಿ ಅಲ್ಲೇ ಉಳಿದರೆ ಸಂಜೆ ಇಡೀ ದ್ವೀಪ ನಿಮ್ಮದೇ.

ಅಂದ ಹಾಗೆ ಮಲ್‌ಗೂ ಕಾರು ಬೇಕೇ ಬೇಕು ಅಂತಿಲ್ಲ. ಗ್ಲಾಸ್ಗೋದಿಂದ ಓಬನ್‌ಗೆ ಮೂರು ಗಂಟೆಯ ರೈಲು. ಸ್ಟೇಷನ್‌ನಿಂದ ಹೊರಬಂದರೆ ಎದುರಿಗೇ ಹಡಗುಕಟ್ಟೆ. ಕ್ರೇಗ್ನ್ಯೂರ್‌ನಲ್ಲಿ ಇಳಿದರೆ ಬಸ್ಸು ನಿಂತಿರುತ್ತದೆ. ಕಾಲ್ನಡಿಗೆಯವರಿಗೆ ಹಡಗಿನಲ್ಲಿ ಜಾಗ ಇಲ್ಲ ಅನ್ನುವುದು ಅಪರೂಪ, ದರವೂ ಕಾರಿನ ಮುಂದೆ ಏನೂ ಅಲ್ಲ. ಡಾಕ್ಟ್ರ ಸಿಟ್ಟೂ ಕಡಿಮೆಯಾಗುತ್ತದೆ.

ಡಾಕ್ಟರಮ್ಮ

ಆಗುತ್ತದೆ 🙂

ಹಳೇ ಮೇಷ್ಟ್ರು

ವಿಷಯ ಸ್ವಲ್ಪ ಬೇರೆ, ಆದರೆ ಹೇಳದೆ ಇರಲಾರೆ. ಯಾರಾದರೂ ಸ್ಟೋರ್ನೋವೇಗೆ ಹೋದರೆ ಕಾಲಿನ್ ಮೆಕೆಂಜಿಯನ್ನು ನೆನೆಯಿರಿ. ಆ ಊರಲ್ಲೇ ಹುಟ್ಟಿದವನು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದದ್ದು ಇವನೇ. ಆಮೇಲೆ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅಳೆಯುವುದರ ಜೊತೆಗೆ ಊರೂರಿನ ಕೈಫಿಯತ್ತು (ಸ್ಥಳೀಯ ಚರಿತ್ರೆಯ ದಾಖಲೆ), ಶಾಸನ, ಓಲೆಗರಿ ಎಲ್ಲ ಸಂಗ್ರಹಿಸಿದ. ಸಂಗ್ರಹಿಸಿದ ಅಂದರೆ, ಸಂಗ್ರಹಿಸಿದವರು ಇವನ ಕೈಕೆಳಗಿನ ಕಾವಲಿ ಸಹೋದರರು, ನಮ್ಮ ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದವರು. ಇವನಿಗೆ ನಮ್ಮ ಭಾಷೆಗಳು ಅಷ್ಟಾಗಿ ಬರುತ್ತಿರಲಿಲ್ಲ. 1816ರಲ್ಲಿ ಥಾಮಸ್ ಹಿಕಿ ಬರೆದ ಇವನ ಚಿತ್ರ ಇದೆ. ಕೆಂಪು ಕೋಟು, ಸುತ್ತ ಮೂವರು ಭಾರತೀಯರು. ಹಿಂದೆ ದೂರದಲ್ಲಿ ಸಣ್ಣದಾಗಿ ಕಾಣುವುದು ನಮ್ಮ ಕಾರ್ಕಳದ ಗೊಮ್ಮಟ!

ಮಲ್ ಪಕ್ಕದ ಉಲ್ವಾ ದ್ವೀಪದವನು ಲಾಕ್ಲನ್ ಮಕ್ವಾರಿ. ಇವನೂ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. ಆಮೇಲೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ಗೆ ಗವರ್ನರ್. ಸಮಾಧಿ ಮಲ್‌ನಲ್ಲೇ ಇದೆ.

ಉಡುಪಿಯ ಮೀನು

ಕಾರ್ಕಳದ ಗೊಮ್ಮಟ ಸ್ಟೋರ್ನೋವೇಯವನ ಚಿತ್ರದಲ್ಲಿ! ಗೊತ್ತೇ ಇರಲಿಲ್ಲ. ಚಿತ್ರ ಅಲ್ಲೇ ಇದೆಯಾ?

ಹಳೇ ಮೇಷ್ಟ್ರು

ಇಲ್ಲ, ಲಂಡನ್‌ನ ಬ್ರಿಟಿಷ್ ಲೈಬ್ರರಿಯಲ್ಲಿದೆ. 2017ರಲ್ಲಿ ಸ್ಟೋರ್ನೋವೇಯಲ್ಲೇ ಮೆಕೆಂಜಿ ಬಗ್ಗೆ ಒಂದು ಪ್ರದರ್ಶನ ನಡೆದಿತ್ತು.

ಬೈಕ್ ಬಸವ

ಮೇಷ್ಟ್ರೇ, ನಮ್ಮ ಊರು ಹೊಡೆದವರನ್ನು ನೆನೆಯಲು ಫೆರ್ರಿ ಟಿಕೆಟ್ ಬೇರೆ ತಗೋಬೇಕಾ?

ಹಳೇ ಮೇಷ್ಟ್ರು

ಧರ್ಮಯ್ಯನನ್ನು ನೆನೆಯಿರಿ ಹಾಗಾದರೆ. ಟಿಕೆಟ್ ಅದೇ.

ಕುಂದಾಪ್ರದ ಕುಚ್ಲಕ್ಕಿ

ಲೂಯಿಸ್, ಹ್ಯಾರಿಸ್‌ಗೆ ಹೋಗುವವರು ಭಾನುವಾರ ನೋಡಿಕೊಳ್ಳಿ. ಅಲ್ಲಿ ಭಾನುವಾರ ದೇವರ ದಿನ. ಸ್ಟೋರ್ನೋವೇಯಿಂದ ಭಾನುವಾರದ ಹಡಗು ಶುರುವಾದದ್ದೇ 2009ರ ಜುಲೈನಲ್ಲಿ, ಅದೂ ಚರ್ಚಿನವರ ವಿರೋಧದ ನಡುವೆ. 2024ರ ನವೆಂಬರ್‌ನಿಂದ ಊರಿನ ದೊಡ್ಡ ಸೂಪರ್‌ಮಾರ್ಕೆಟ್ ಭಾನುವಾರವೂ ತೆರೆಯುತ್ತಿದೆ. ಅದಕ್ಕೂ ಗಲಾಟೆ ಆಗಿತ್ತು. ಹಳ್ಳಿ ಕಡೆ ಪೆಟ್ರೋಲು, ಊಟ ಎಲ್ಲ ಶನಿವಾರವೇ ಮುಗಿಸಿಕೊಳ್ಳಿ.

ಅಬರ್ಡೀನ್ ಎಣ್ಣೆಗಾಣ

ಸಣ್ಣ ದೋಣಿಗಳ ಮಜಾ ಯಾರೂ ಹೇಳುತ್ತಿಲ್ಲ. ಮಲ್‌ನಿಂದ ಉಲ್ವಾಗೆ ಹೋಗಲು ಟೈಮ್‌ಟೇಬಲ್ ಇಲ್ಲ. ದಡದಲ್ಲಿ ಒಂದು ಹಲಗೆ ಇದೆ. ಅದನ್ನು ಪಕ್ಕಕ್ಕೆ ಸರಿಸಿದರೆ ಒಳಗಿನ ಕೆಂಪು ಬಣ್ಣ ಕಾಣುತ್ತದೆ. ಆಚೆ ದಡದವರು ಅದನ್ನು ನೋಡಿ ದೋಣಿ ತರುತ್ತಾರೆ. ಹತ್ತಿದ ಮೇಲೆ ಹಲಗೆ ವಾಪಸ್ ಸರಿಸಿರಬೇಕು.

ಇನ್ನೊಂದು ಗ್ಲೆನೆಲ್ಗ್‌ನಿಂದ ಸ್ಕೈನ ಕೈಲ್‌ರೇಗೆ. ಹಡಗಿನ ಹೆಸರು ಗ್ಲೆನಹೂಲಿಶ್, 1969ರದ್ದು. ಡೆಕ್ಕನ್ನು ಕೈಯಿಂದ ತಿರುಗಿಸುವ ಫೆರ್ರಿ ಪ್ರಪಂಚದಲ್ಲಿ ಇನ್ನು ಉಳಿದಿರುವುದು ಇದೊಂದೇ ಅಂತೆ. ಹಿಡಿಸುವುದು ಐದಾರು ಕಾರು. ಅಲ್ಲಿ ಸೆಳವು ಎಷ್ಟು ಜೋರು ಅಂದರೆ ಹಡಗು ಮೂತಿ ಕೊಟ್ಟು ನಿಲ್ಲಲಾರದು, ದಕ್ಕೆಗೆ ಪಕ್ಕೆ ಕೊಟ್ಟೇ ನಿಲ್ಲುತ್ತದೆ. ಆಗ ಸಿಬ್ಬಂದಿ ಹೆಗಲು ಕೊಟ್ಟು ನೂಕುತ್ತಾರೆ, ಕಾರುಗಳ ಸಮೇತ ಇಡೀ ಡೆಕ್ಕು ಗರಗರ ತಿರುಗಿ ದಡಕ್ಕೆ ಮುಖ ಮಾಡುತ್ತದೆ. ಊರವರೇ ಸೇರಿ ನಡೆಸುತ್ತಾರೆ. ಬೇಸಿಗೆಯಲ್ಲಿ ಮಾತ್ರ.

ಸಾಗರದ ಹುಡುಗ

ಸರಿ, ಹೊಸ ಪ್ಲ್ಯಾನ್. ಕಾರನ್ನು ಗ್ಲಾಸ್ಗೋದಲ್ಲೇ ಬಿಟ್ಟು ಓಬನ್‌ಗೆ ರೈಲು. ಮಲ್‌ನಲ್ಲಿ ನಾಲ್ಕು ರಾತ್ರಿ, ಅಯೋನಾದಲ್ಲಿ ಒಂದು. ಹವಾಮಾನ ನೋಡಿ ಸ್ಟಾಫಾ. ಸ್ಕೈ, ಹ್ಯಾರಿಸ್, ಆರ್ಕ್ನಿ ಎಲ್ಲ ಮುಂದಿನ ಸಲ. ಅಮ್ಮನಿಗೆ ಹೇಳಿದೆ, "50 ನಿಮಿಷ ತಾನೆ, ಉಸಿರು ಹಿಡ್ಕೊಂಡು ಕೂತಿರ್ತೀನಿ" ಅಂದಳು.

ಲೆಕ್ಕಪತ್ರ

ರೂಮ್ ಬುಕ್ ಮಾಡಿದ ಮೇಲೆ ಹಡಗು ನೋಡಬೇಡಿ, ಹಡಗು ನೋಡಿ ರೂಮ್ ಬುಕ್ ಮಾಡಿ. ವಾಪಸ್ ಬರುವ ದಿನಕ್ಕೂ ಲಂಡನ್ ವಿಮಾನಕ್ಕೂ ನಡುವೆ ಒಂದು ದಿನ ಖಾಲಿ ಇರಲಿ. ಗಾಳಿ ಜುಲೈನಲ್ಲೂ ಬರುತ್ತದೆ.

ಅಬರ್ಡೀನ್ ಎಣ್ಣೆಗಾಣ

ಆರ್ಕ್ನಿ ಮುಂದಿನ ಸಲ ಅಂತೆ. ಬರೆದಿಟ್ಟುಕೊಂಡೆ.

ಹೊಸಬಳು

ಈಗಷ್ಟೇ ಎಲ್ಲ ಓದಿದೆ. ನನ್ನದೊಂದು ಪ್ರಶ್ನೆ. ನಾನು ಡಂಡೀಯಲ್ಲಿ ಓದುತ್ತಿದ್ದೇನೆ. ಜನವರಿಯಲ್ಲಿ ಶೆಟ್‌ಲ್ಯಾಂಡಿಗೆ ಹೋಗೋಣ ಅಂತ ರೂಮ್‌ಮೇಟ್ ಹಠ ಹಿಡಿದಿದ್ದಾಳೆ. ವೈಕಿಂಗ್ ಹಡಗು ಸುಡುವ ಹಬ್ಬ ಇದೆಯಂತೆ. ಹುಚ್ಚುತನವಾ?

ಅಬರ್ಡೀನ್ ಎಣ್ಣೆಗಾಣ

ಹುಚ್ಚುತನವೇ, ಆದರೆ ಹೋಗಿ. ಅಪ್ ಹೆಲಿ ಆ ಅಂತ, ಜನವರಿಯ ಕೊನೆಯ ಮಂಗಳವಾರ ಲರ್ವಿಕ್‌ನಲ್ಲಿ. ನೂರಾರು ಜನ ಪಂಜು ಹಿಡಿದು ಮೆರವಣಿಗೆ ಹೋಗಿ ಕೊನೆಗೆ ಹಡಗಿಗೆ ಬೆಂಕಿ ಹಾಕುತ್ತಾರೆ. ಅಬರ್ಡೀನ್‌ನಿಂದ ಸಂಜೆ ಹೊರಟ ಹಡಗು ಬೆಳಗ್ಗೆ ಲರ್ವಿಕ್ ಮುಟ್ಟುತ್ತದೆ. ನಡುವೆ ಆರ್ಕ್ನಿಯ ಕರ್ಕ್‌ವಾಲ್‌ಗೆ ಹೋಗುವ ದಿನ ಇನ್ನೂ ಸ್ವಲ್ಪ ಜಾಸ್ತಿ ಹೊತ್ತು. ಕ್ಯಾಬಿನ್ ದುಬಾರಿ ಅನ್ನಿಸಿದರೆ ಒರಗುವ ಕುರ್ಚಿ ಇದೆ.

ಡಾಕ್ಟರಮ್ಮ

ಜನವರಿಯಲ್ಲಿ ಒರಗುವ ಕುರ್ಚಿ ಬೇಡ ಕಣಮ್ಮ. ದುಡ್ಡು ಹೊಂದಿಸಿ ಕ್ಯಾಬಿನ್ ತಗೊಳ್ಳಿ. ಮಲಗಿದರೆ ಹೊಟ್ಟೆ ಅರ್ಧ ಸುಧಾರಿಸುತ್ತದೆ. ಲರ್ವಿಕ್‌ನಲ್ಲಿ ಆ ವಾರ ರೂಮ್ ಸಿಗುವುದು ಇನ್ನೂ ಕಷ್ಟ, ಈಗಲೇ ಹುಡುಕಿ.

ಹೊಸಬಳು

ಈಗಲೇ ಅಂದರೆ ಈಗಲೇನಾ? ಇನ್ನೂ ಮೇ ತಿಂಗಳು.

ಅಬರ್ಡೀನ್ ಎಣ್ಣೆಗಾಣ

ಈಗಲೇ ಅಂದರೆ ತಡವಾಗಿರಬಹುದು.